ಮಲಗುವ ಕೋಣೆಯಲ್ಲಿ ಪುಟ್ಟ ರೈಲು: ಯಾವ ಸ್ಕೇಲ್, ಯಾವ ಆಕಾರ?

‘ಎನ್ ಸ್ಕೇಲ್ ತೆಗೆದುಕೊಳ್ಳಲೋ, ಎಚ್‌ಒ ತೆಗೆದುಕೊಳ್ಳಲೋ?’ ಮನೆಯೊಳಗೆ ಮಾದರಿ ರೈಲು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಎನ್, ಎಚ್‌ಒ ಎಂಬವು ಸ್ಕೇಲ್‌ಗಳ ಹೆಸರು, ಅಂದರೆ ನಿಜವಾದ ರೈಲಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬ ಅಳತೆ. ಇನ್ನು ಕೆಲವರು ಅಷ್ಟರಲ್ಲಾಗಲೇ ಸ್ಟಾರ್ಟರ್ ಸೆಟ್ ತಂದು ಮಂಚದ ಪಕ್ಕ ಹರಡಿಕೊಂಡು, ಇದನ್ನು ಖಾಯಂ ಆಗಿ ಎಲ್ಲಿ ಇಡೋಣ ಎನ್ನುತ್ತಾರೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ್ದು ಇನ್ನೊಂದಿದೆ: ನಿಮಗೆ ರೈಲು ಓಡುವುದನ್ನು ನೋಡಬೇಕೋ, ರೈಲನ್ನು ನಡೆಸಬೇಕೋ?

ನೋಡುವ ಆಸೆಯವರಿಗೆ ಸುತ್ತು ಹಾಕುವ ಹಳಿ ಬೇಕೇ ಬೇಕು. ದಿನದ ಕೆಲಸ ಮುಗಿಸಿ ಬಂದು ಸ್ವಿಚ್ ಒತ್ತಿದರೆ ರೈಲು ತನ್ನಷ್ಟಕ್ಕೆ ಓಡುತ್ತಿರಬೇಕು, ಕೂತು ನೋಡುವುದೇ ಅವರ ಸುಖ. ನಡೆಸುವ ಆಸೆಯವರಿಗೆ ಅದೇ ಸುತ್ತು ಸ್ವಲ್ಪ ಹೊತ್ತಿನಲ್ಲಿ ಬೇಸರ ತರಿಸುತ್ತದೆ. ವ್ಯಾಗನ್ ಬಿಡಿಸುವುದು, ಕೂಡಿಸುವುದು, ಎಂಜಿನ್ನನ್ನು ಹಿಂದೆ ಮುಂದೆ ಆಡಿಸಿ ಬೇಕಾದ ವ್ಯಾಗನ್ನನ್ನು ಬೇಕಾದ ಸೈಡಿಂಗ್‌ಗೆ (ವ್ಯಾಗನ್ ನಿಲ್ಲಿಸಿಡುವ ಪಕ್ಕದ ಹಳಿಗೆ) ಸೇರಿಸುವುದು, ಅಂದರೆ ಷಂಟಿಂಗ್, ಅವರಿಗೆ ಬೇಕಾದ್ದು ಅದು. ಸುತ್ತು ಹಾಕಬೇಕಾದರೆ ಹಲಗೆಯ ಅಗಲ ತಿರುವಿನ ತ್ರಿಜ್ಯದ ಎರಡರಷ್ಟಕ್ಕಿಂತ ಹೆಚ್ಚಿರಲೇಬೇಕು. ಷಂಟಿಂಗ್‌ಗೆ ಅಗಲ ಬೇಡ, ಉದ್ದ ಸಾಕು. ಮಲಗುವ ಕೋಣೆಯಲ್ಲಿ ಗೋಡೆಯುದ್ದಕ್ಕೆ ಜಾಗ ಸಿಗುತ್ತದೆ, ಅಗಲ ಸಿಗುವುದಿಲ್ಲ. ಅಲ್ಲಿಂದ ಮುಂದಿನ ಆಯ್ಕೆಗಳೆಲ್ಲ ಇದನ್ನೇ ಹಿಂಬಾಲಿಸುತ್ತವೆ.

ಮೂರನೆಯ ಬಗೆಯವರೂ ಇದ್ದಾರೆ: ಗುಡ್ಡ, ಸೇತುವೆ, ನಿಲ್ದಾಣ, ಗೋದಾಮು ಕಟ್ಟುವುದರಲ್ಲೇ ಮುಳುಗುವವರು. ಅವರ ಮಟ್ಟಿಗೆ ರೈಲು ಒಂದು ನೆಪ. ಅವರಿಗೆ ಚಿಕ್ಕ ಜಾಗ ವರವೇ, ಏಕೆಂದರೆ ಚಿಕ್ಕದನ್ನು ಮಾತ್ರ ಪೂರ್ತಿ ವಿವರವಾಗಿ ಮುಗಿಸಲು ಸಾಧ್ಯ.

ಅಳೆಯಬೇಕಾದ್ದು ಏನನ್ನು

ಎಲ್ಲಕ್ಕಿಂತ ಮೊದಲು ನೀವು ಓಡಿಸಬೇಕೆಂದಿರುವ ಅತಿ ಉದ್ದದ ಬೋಗಿ. ಲೇಔಟ್ (ಹಲಗೆಯ ಮೇಲೆ ಕಟ್ಟಿದ ಪೂರ್ತಿ ಮಾದರಿ ರೈಲು) ವಿನ್ಯಾಸಕಾರರಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕ ಇದೆ. ತಿರುವಿನ ತ್ರಿಜ್ಯ ಆ ಬೋಗಿಯ ಉದ್ದದ ಎರಡು ಪಟ್ಟಿದ್ದರೆ ಹೇಗೋ ತಿರುಗೀತು. ಮೂರು ಪಟ್ಟಿದ್ದರೆ ನೆಚ್ಚಿಕೊಳ್ಳಬಹುದು. ನಾಲ್ಕು ಪಟ್ಟಿದ್ದರೆ ನೋಡಲೂ ಚೆನ್ನ. ಐದು ಪಟ್ಟಿದ್ದರೆ ತಿರುವಿನ ಮೇಲೂ ಕಪ್ಲಿಂಗ್ (ಬೋಗಿಗಳನ್ನು ಜೋಡಿಸುವ ಕೊಂಡಿ) ಸಲೀಸಾಗಿ ಕೂಡುತ್ತದೆ.

ಇದನ್ನು ಅಂಕಿಯಲ್ಲಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಯುರೋಪಿನ 26.4 ಮೀಟರ್ ಉದ್ದದ ಪ್ರಯಾಣಿಕರ ಬೋಗಿ ಎಚ್‌ಒ ಸ್ಕೇಲ್‌ನಲ್ಲಿ ಸುಮಾರು 300 ಮಿ.ಮೀ. ಆಗುತ್ತದೆ. ಮೂರು ಪಟ್ಟು ಎಂದರೆ 900 ಮಿ.ಮೀ. ತ್ರಿಜ್ಯ, ಸುತ್ತಿನ ಅಗಲವೇ 1.8 ಮೀಟರ್. ಅದನ್ನು ಇಟ್ಟ ಮೇಲೆ ಮಂಚಕ್ಕೆ ಜಾಗ ಎಲ್ಲಿ? ಅದೇ ಸ್ಕೇಲ್‌ನಲ್ಲಿ 40 ಅಡಿಯ ಹಳೆಯ ಗೂಡ್ಸ್ ವ್ಯಾಗನ್ ಕೇವಲ 140 ಮಿ.ಮೀ. ಅದಕ್ಕೆ 420 ಮಿ.ಮೀ. ಸಾಕು. ಸ್ಕೇಲ್ ಬದಲಿಸದೆ, ಉದ್ದದ ಬೋಗಿ ಬಿಟ್ಟು ಗಿಡ್ಡ ವ್ಯಾಗನ್ ಹಿಡಿದದ್ದಕ್ಕೇ ಬೇಕಾದ ಅಗಲ ಅರ್ಧಕ್ಕಿಂತ ಕಡಿಮೆಯಾಯಿತು. ಹಳೆಯ ಕಾಲದ ಶಾಖಾ ಮಾರ್ಗ, ಬಂದರಿನ ರೈಲು, ಕಾರ್ಖಾನೆಯೊಳಗಿನ ಹಳಿ ಇವು ಚಿಕ್ಕ ಲೇಔಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದಕ್ಕೇ.

ಪೆಟ್ಟಿಗೆಯ ಮೇಲೆ ‘ಕನಿಷ್ಠ ತ್ರಿಜ್ಯ ಇಷ್ಟು’ ಎಂದು ಬರೆದಿರುತ್ತದೆ, ಅಷ್ಟಿದ್ದರೆ ಸಾಲದೇ ಎಂದು ಕೇಳಬಹುದು. ಮುಂದಕ್ಕೆ ಎಳೆಯುವಾಗ ಸಾಕು. ಬಿಗಿ ತಿರುವಿನಲ್ಲಿ ಉದ್ದದ ಬೋಗಿಯೊಂದನ್ನು ನಿಲ್ಲಿಸಿ ಮೇಲಿನಿಂದ ನೋಡಿ: ನಡುಭಾಗ ಹಳಿಯ ಒಳಗೆ ಚಾಚಿರುತ್ತದೆ, ಎರಡು ತುದಿಗಳು ಹೊರಗೆ. ಅದರ ಪಕ್ಕದ ಬೋಗಿಯ ತುದಿಯೂ ಹೊರಗೇ ಚಾಚಿರುತ್ತದೆ. ಒಳಮಗ್ಗುಲಿನ ಬಫರ್‌ಗಳು (ಬೋಗಿಯ ತುದಿಯಲ್ಲಿ ಧಕ್ಕೆ ತಡೆಯುವ ಗುಂಡಿಗಳು) ಒಂದಕ್ಕೊಂದು ತಾಗಿಕೊಂಡಿರುತ್ತವೆ, ಹೊರಮಗ್ಗುಲಿನಲ್ಲಿ ಬೆರಳು ತೂರುವಷ್ಟು ಸಂದು. ಈಗ ಎಂಜಿನ್ನನ್ನು ಹಿಂದಕ್ಕೆ ತಳ್ಳಿದರೆ ಆ ಒತ್ತಡವೆಲ್ಲ ಒಂದೇ ಮಗ್ಗುಲಿಗೆ ಬಿದ್ದು, ಹಗುರವಾದ ಬೋಗಿ ಹಳಿಯಿಂದ ಎದ್ದುಬಿಡುತ್ತದೆ. ಮುಂದಕ್ಕೆ ಸರಾಗವಾಗಿ ಓಡಿದ ರೈಲು ಹಿಂದಕ್ಕೆ ಬರುವಾಗ ಹಳಿ ತಪ್ಪುತ್ತಿದ್ದರೆ ಕಾರಣ ಬಹುತೇಕ ಇದೇ.

ಆಮೇಲೆ ಕೈಯಳತೆ. ಹಲಗೆಯ ಮೇಲೆ ಬಗ್ಗಿ ಕೆಲಸ ಮಾಡಲು ಸುಮಾರು 75 ಸೆಂ.ಮೀ. ವರೆಗೆ ಆದೀತು, ಅದಕ್ಕಿಂತ ಆಚೆ ಹಳಿ ತಪ್ಪಿದ ವ್ಯಾಗನ್ ಎತ್ತಲು ಹೋಗಿ ಮುಂದಿನ ಮರ, ಕಂಬಗಳನ್ನು ಮೊಣಕೈಯಿಂದ ಮುರಿಯುತ್ತೀರಿ. ಹಲಗೆ ಎದೆಮಟ್ಟಕ್ಕಿದ್ದರೆ ಕೈ ಇನ್ನೂ ಕಡಿಮೆ ಎಟುಕುತ್ತದೆ.

ಕೋಣೆಗೆ ತನ್ನದೇ ಬದುಕೂ ಇದೆ. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಬೀರುವಿನ ಬಾಗಿಲು ಪೂರ್ತಿ ತೆರೆಯಲು ಎಷ್ಟು ಜಾಗ ಬೇಕು? ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬೀಳುತ್ತದೆ? ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಹಳಿ ಹಿಗ್ಗಿ ಡೊಂಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಾಟ ಹಾಸಿಗೆಯದು. ಹೊದಿಕೆ ಕೊಡವಿದಾಗಲೆಲ್ಲ ಹತ್ತಿಯ ಸಣ್ಣ ಎಳೆಗಳು ಹಳಿಯ ಮೇಲೆ ಇಳಿಯುತ್ತವೆ. ಎಂಜಿನ್ ಅದರ ಮೇಲೆ ಹೋದಾಗ ಅಚ್ಚಿಗೆ ಸುತ್ತಿಕೊಳ್ಳುತ್ತವೆ, ಅಲ್ಲಿಂದ ಗೇರಿಗೆ ಹೋಗಿ ಎಣ್ಣೆಯ ಜೊತೆ ಸೇರಿ ಗಟ್ಟಿಯಾಗುತ್ತವೆ. ಹೊಸದರಲ್ಲಿ ಮೆತ್ತಗೆ ಓಡುತ್ತಿದ್ದ ಎಂಜಿನ್ ಕ್ರಮೇಣ ಗುರುಗುಟ್ಟಲು ಶುರುಮಾಡಿದರೆ ಮಗುಚಿ ನೋಡಿ. ಚಕ್ರದ ಹಿಂದೆ ಬೂದು ಬಣ್ಣದ ಉಂಗುರವೊಂದು ಕಂಡೀತು. ಅದನ್ನು ಚಿಮಟದಿಂದ ತುದಿ ಹಿಡಿದು ಬಿಡಿಸಬೇಕು. ಹಾಗಾಗಿ ಮುಚ್ಚಿಡಲು ಬರುವ ವಿನ್ಯಾಸಕ್ಕೆ ಮಲಗುವ ಕೋಣೆಯಲ್ಲಿ ನಾನು ಹೆಚ್ಚು ಅಂಕ ಕೊಡುತ್ತೇನೆ. ಬೆಸುಗೆಯ ಹೊಗೆ, ಸ್ಪ್ರೇ ಬಣ್ಣ, ಘಾಟು ಅಂಟು ಇವನ್ನು ಮಲಗುವ ಜಾಗದಲ್ಲಿ ಬಳಸಬೇಡಿ. ಆ ಕೆಲಸ ಬೇರೆಡೆ ಮಾಡಿ ತರಲು ಆಗುವಂತೆ ಹಲಗೆ ಬಿಡಿಬಿಡಿಯಾಗಿ ಬರುವಂತಿದ್ದರೆ ಒಳ್ಳೆಯದು.

ಸ್ಕೇಲ್‌ಗಳನ್ನು ತೂಗಿದಾಗ

ಝಡ್ ಸ್ಕೇಲ್, 1:220 (ನಿಜದ ಅಳತೆಯ 220ರಲ್ಲಿ ಒಂದು ಪಾಲು), ಹಳಿಗಳ ನಡುವೆ 6.5 ಮಿ.ಮೀ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ಇದನ್ನು ತಂದಿತು. ಅದರ ಅತಿ ಬಿಗಿಯಾದ ತಿರುವು 145 ಮಿ.ಮೀ. ತ್ರಿಜ್ಯದ್ದು. ಅಂದರೆ ಪುಸ್ತಕದ ಕಪಾಟಿನ ಒಂದು ಖಾನೆಯಲ್ಲಿ, ಸೂಟ್‌ಕೇಸಿನೊಳಗೆ ಪೂರ್ತಿ ಸುತ್ತು ಹಿಡಿಸುತ್ತದೆ. ಆದರೆ ಹಗುರವಾದ ಎಂಜಿನ್, ಕೂದಲೆಳೆಯಂಥ ಹಳಿ; ಒಂದು ಧೂಳಿನ ಕಣಕ್ಕೂ ನಿಂತುಬಿಡುತ್ತದೆ. ಆಯ್ಕೆಯೂ ಕಡಿಮೆ, ಬೆಲೆಯೂ ಜಾಸ್ತಿ. ಬೇರೆ ಯಾವುದಕ್ಕೂ ಜಾಗವೇ ಇಲ್ಲದವರಿಗೆ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಕಟ್ಟುವವರಿಗೆ ಮಾತ್ರ ಇದು ಸರಿ.

ಎನ್ ಸ್ಕೇಲ್, ಹಳಿಯ ಅಗಲ 9 ಮಿ.ಮೀ. ಅನುಪಾತ ಸಾಮಾನ್ಯವಾಗಿ 1:160. ಬ್ರಿಟನ್ನಿನಲ್ಲಿ 1:148, ಜಪಾನಿನಲ್ಲಿ ಹೆಚ್ಚಿನವು 1:150, ಶಿಂಕಾನ್ಸೆನ್ ಮಾತ್ರ 1:160. ಸುತ್ತು ಹಾಕುವ ರೈಲು ಬೇಕು, ಜಾಗ ಕಡಿಮೆ ಎನ್ನುವವರಿಗೆ ನನ್ನ ಮೊದಲ ಉತ್ತರ ಇದೇ. ಆ 26.4 ಮೀಟರ್ ಬೋಗಿ ಇಲ್ಲಿ 165 ಮಿ.ಮೀ. ಅಷ್ಟೆ. ಕ್ಯಾಟೊ ಕಂಪನಿಯ ಯೂನಿಟ್ರ್ಯಾಕ್ ಎಂಬ ಹಳಿಗಳಲ್ಲಿ 249, 282, 315, 348 ಮಿ.ಮೀ. ತ್ರಿಜ್ಯದ ತಿರುವುಗಳು ಸಿದ್ಧವಾಗಿ ಸಿಗುತ್ತವೆ. ಹಳಿ, ಕೆಳಗಿನ ಜಲ್ಲಿ ಎಲ್ಲ ಒಂದೇ ತುಂಡಾಗಿ ಬಂದು ಕ್ಲಿಪ್ ಆಗಿ ಕೂಡುವುದರಿಂದ ನೆಲದ ಮೇಲೆ ಹಾಕಿ ತೆಗೆದು ಮಾಡಲೂ ಆಗುತ್ತದೆ. ಟೊಮಿಕ್ಸ್ ಬ್ರಾಂಡಿನ ಹಳಿಗಳಲ್ಲಿ 103 ಮಿ.ಮೀ. ತನಕ ಬಿಗಿ ತಿರುವುಗಳಿವೆ, ಆದರೆ ಅವು ಟ್ರಾಮ್‌ಗೆ, ತೀರ ಗಿಡ್ಡ ಎಂಜಿನ್‌ಗೆ. ಎನ್ ಕೇಳುವ ಬೆಲೆ ಕಣ್ಣಿನದು, ಬೆರಳಿನದು. ಕೈ ನಡುಗುವವರಿಗೆ, ಹತ್ತಿರದ್ದು ಸರಿಯಾಗಿ ಕಾಣದವರಿಗೆ ವ್ಯಾಗನ್ನನ್ನು ಹಳಿಗೆ ಏರಿಸುವುದೇ ಹೆಣಗಾಟ. ಷಂಟಿಂಗ್‌ಗೂ ಎನ್ ಅಷ್ಟು ಹಿತವಲ್ಲ: ಹಗುರವಾದ ವ್ಯಾಗನ್ ಕಪ್ಲಿಂಗ್ ತಾಗಿದೊಡನೆ ಕೂಡಿಕೊಳ್ಳದೆ ಮುಂದಕ್ಕೆ ಜಾರುತ್ತದೆ.

ಟಿಟಿ, 1:120, 12 ಮಿ.ಮೀ. ಹಳಿ. ಎನ್ ಮತ್ತು ಎಚ್‌ಒ ನಡುವಿನ ಗಾತ್ರ. ನನಗೆ ಕೇಳಿದರೆ ಮಲಗುವ ಕೋಣೆಗೆ ಹೇಳಿ ಮಾಡಿಸಿದ ಗಾತ್ರವೇ ಇದು. ಕೈಗೆ ಹಿಡಿತ ಸಿಗುತ್ತದೆ, 310 ಮಿ.ಮೀ. ತ್ರಿಜ್ಯದಲ್ಲಿ ಸುತ್ತಿ ಬರುತ್ತದೆ. ತೊಡಕು ಸಿಗುವ ಸಾಮಾನಿನದು. ಜರ್ಮನಿ, ಮಧ್ಯ ಯುರೋಪಿನ ರೈಲು ಇಷ್ಟಪಡುವವರಿಗೆ ಟಿಲಿಗ್‌ನಂಥವರು ಬೇಕಾದಷ್ಟು ಮಾಡುತ್ತಾರೆ. ಬ್ರಿಟಿಷ್ ರೈಲಿಗೆ ಹಾರ್ನ್ಬಿ ಕಂಪನಿ 2022ರಲ್ಲಿ ಈ ಸ್ಕೇಲ್ ಶುರುಮಾಡಿತು. ಬೇರೆ ದೇಶದ ರೈಲು ಬೇಕಿದ್ದರೆ ಮೊದಲು ಸಿಗುತ್ತದೆಯೇ ನೋಡಿಕೊಳ್ಳಿ.

ಎಚ್‌ಒ, 1:87, 16.5 ಮಿ.ಮೀ. ಬ್ರಿಟನ್ನಿನ ಒಒ ಅದೇ ಹಳಿಯ ಮೇಲೆ 1:76ರಲ್ಲಿ ಓಡುತ್ತದೆ. ಆಯ್ಕೆ ಅಪಾರ, ಹಳೆಯ ಸಾಮಾನಿನ ಮಾರುಕಟ್ಟೆ ದೊಡ್ಡದು, ಎಂಜಿನ್‌ಗೆ ತೂಕ ಇರುವುದರಿಂದ ಇರುವೆ ನಡೆದಷ್ಟು ನಿಧಾನಕ್ಕೂ ಅಳುಕಿಲ್ಲದೆ ಚಲಿಸುತ್ತದೆ. ಷಂಟಿಂಗ್‌ನ ಸುಖ ಇಲ್ಲಿದೆ. ಸುತ್ತು ಬೇಕೆಂದರೆ ಮಾತ್ರ ಜಾಗ ಕೇಳುತ್ತದೆ: ಅಮೆರಿಕದ ಸೆಟ್‌ಗಳಲ್ಲಿ ಸಾಮಾನ್ಯವಾದ ತಿರುವು 457 ಮಿ.ಮೀ., ಹಾರ್ನ್ಬಿಯ ಸಿದ್ಧ ತಿರುವುಗಳಲ್ಲಿ ಎರಡನೆಯದು 438 ಮಿ.ಮೀ. ಹಲಗೆಯ ಅಗಲ ಒಂದು ಮೀಟರ್ ಇರಲೇಬೇಕಾಗುತ್ತದೆ. ಇಲ್ಲೊಂದು ಎಚ್ಚರ. ಮಾರ್ಕ್ಲಿನ್‌ನ ಎಚ್‌ಒ ರೈಲು ನಡುವೆ ಮೊಳೆಸಾಲು ಇರುವ ಮೂರು ಹಳಿ ಪದ್ಧತಿಯದು. ಉಳಿದವರ ಎರಡು ಹಳಿ ಪದ್ಧತಿಯ ಜೊತೆ ಬೆರೆಸಿದರೆ ಶಾರ್ಟ್ ಆಗುತ್ತದೆ. ಯಾರೋ ಕಡಿಮೆಗೆ ಕೊಟ್ಟರೆಂದು ಎರಡನ್ನೂ ಕೂಡಿಹಾಕಬೇಡಿ.

ಇದಕ್ಕಿಂತ ದೊಡ್ಡದಾದ ಒ ಸ್ಕೇಲ್ ಕೋಣೆಗೆ ಹೊಂದುವುದಿಲ್ಲ ಎಂದು ತಳ್ಳಿಹಾಕುವ ಮುನ್ನ ನ್ಯಾರೋಗೇಜ್ (ಕಿರಿದಾದ ಹಳಿಯ ರೈಲು) ಕಡೆ ನೋಡಿ. ಒಒ9ರಲ್ಲಿ ಮನೆ, ಮರ, ಮನುಷ್ಯರು 1:76ರವರು, ಹಳಿ ಮಾತ್ರ ಎನ್‌ನಷ್ಟು, 9 ಮಿ.ಮೀ. ಎಚ್‌ಒಇ ಎಂಬುದು 1:87ರಲ್ಲಿ ಇದೇ ಉಪಾಯ. ಒ ಸ್ಕೇಲ್‌ನಲ್ಲಿ 16.5 ಮಿ.ಮೀ. ಹಳಿ ಹಾಕಿದರೆ ಒಎನ್30. ನಿಜವಾದ ನ್ಯಾರೋಗೇಜ್ ರೈಲುಗಳೂ ಗುಡ್ಡದ ಬಿಗಿ ತಿರುವುಗಳಿಗೆಂದೇ ಹುಟ್ಟಿದವು, ಎಂಜಿನ್ ಪುಟ್ಟದು, ಬೋಗಿ ಎರಡು ಮೂರು. ಹಾಗಾಗಿ ಬಿಗಿ ತಿರುವು ಇಲ್ಲಿ ಸುಳ್ಳೆನಿಸುವುದಿಲ್ಲ. ಕಟ್ಟುವುದರಲ್ಲಿ ಆಸೆ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಗ್ಗವಲ್ಲ, ಆಯ್ಕೆ ಸೀಮಿತ, ಹಲವನ್ನು ಕಿಟ್‌ನಿಂದ ಕೂಡಿಸಿಕೊಳ್ಳಬೇಕು.

ಆಕಾರಗಳನ್ನು ತೂಗಿದಾಗ

ಪ್ಲೈವುಡ್ ಹಾಳೆಯ ಅಳತೆ 4×8 ಅಡಿ ಎಂಬ ಒಂದೇ ಕಾರಣಕ್ಕೆ ಎಚ್‌ಒ ಲೇಔಟ್‌ಗಳು ಅದೇ ಅಳತೆಯಲ್ಲಿ ಹುಟ್ಟುತ್ತಾ ಬಂದಿವೆ. ಕೊಯ್ಯುವ ಕೆಲಸವಿಲ್ಲ, ಪ್ಲಾನ್‌ಗಳು ನೂರಾರು ಸಿಗುತ್ತವೆ. ಆದರೆ ನಾಲ್ಕು ಅಡಿ ಎಂದರೆ 122 ಸೆಂ.ಮೀ., ಒಂದು ಕಡೆಯಿಂದ ಕೈ ಎಟುಕದು. ಎರಡು ಉದ್ದ ಬದಿ, ಒಂದು ತುದಿಗೆ ತಲಾ 60 ಸೆಂ.ಮೀ. ಓಡಾಡುವ ಜಾಗ ಬಿಟ್ಟರೆ ಒಟ್ಟು 2.4×3 ಮೀಟರ್ ಆಯಿತು. ಹತ್ತು ಅಡಿ ಚೌಕದ ಕೋಣೆಯೇ ಸುಮಾರು 3×3 ಮೀಟರ್! ಮಲಗುವ ಕೋಣೆಗೆ ಇದನ್ನು ನಾನು ಹೇಳುವುದಿಲ್ಲ. ಮನೆಯಲ್ಲಿ ಖಾಲಿ ಕೋಣೆ ಇದ್ದವರ ಮಾತು ಬೇರೆ.

ಸುತ್ತು ಬೇಕಿದ್ದರೆ ಬಾಗಿಲ ಹಲಗೆ ನೋಡಿ. ಒಳಗೆ ಟೊಳ್ಳಾಗಿರುವ ಫ್ಲಶ್ ಬಾಗಿಲು ಸುಮಾರು 200×75 ಸೆಂ.ಮೀ. ಇರುತ್ತದೆ, ಹಗುರ, ಸಮತಟ್ಟು, ಬಾಗುವುದಿಲ್ಲ. ಎನ್ ಸ್ಕೇಲ್‌ಗೆ ಇದಕ್ಕಿಂತ ಸುಲಭದ ತಳಪಾಯ ನನಗೆ ಗೊತ್ತಿಲ್ಲ. 75 ಸೆಂ.ಮೀ. ಅಗಲದಲ್ಲಿ 348 ಮತ್ತು 315 ಮಿ.ಮೀ. ತ್ರಿಜ್ಯದ ಜೋಡಿ ಹಳಿ ಹಿಡಿಸುತ್ತದೆ, ಅಂಚಿಗೆ ಎರಡು ಮೂರು ಸೆಂ.ಮೀ. ಉಳಿಯುತ್ತದೆ. ಹೊರಗಿನ ಸುತ್ತು ಸುಮಾರು 4.7 ಮೀಟರ್. ನಿಜದ 60 ಕಿ.ಮೀ. ವೇಗಕ್ಕೆ ಸಮನಾಗಿ ಓಡಿಸಿದರೆ ಒಂದು ಸುತ್ತಿಗೆ ಮುಕ್ಕಾಲು ನಿಮಿಷ. ರೈಲಿನ ಉದ್ದ ಸುತ್ತಿನ ಕಾಲುಭಾಗ ದಾಟದಿರಲಿ; ದಾಟಿದರೆ ಎಂಜಿನ್ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋದಂತೆ ಕಾಣುತ್ತದೆ. ಎಂಜಿನ್ ಜೊತೆ ಆರು ಬೋಗಿ ಎಂದರೆ ಸರಿಹೋಗುತ್ತದೆ.

ಈ ಹಲಗೆಯನ್ನು ಎರಡು ಪಟ್ಟು ದೊಡ್ಡದೆನಿಸುವಂತೆ ಮಾಡುವ ಒಂದು ಉಪಾಯ ಇದೆ, ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಹಲಗೆಯ ನಡುವೆ ಉದ್ದಕ್ಕೆ ಒಂದು ತೆಳು ಪರದೆ ಹಲಗೆ ನಿಲ್ಲಿಸಿ, 20–25 ಸೆಂ.ಮೀ. ಎತ್ತರ ಸಾಕು. ಎರಡೂ ಮಗ್ಗುಲಿಗೆ ಆಕಾಶದ ಬಣ್ಣ. ಈ ಕಡೆ ಊರು, ನಿಲ್ದಾಣ. ಆ ಕಡೆ ಗದ್ದೆ, ಹೊಳೆ. ಎರಡು ತುದಿಗಳಲ್ಲಿ ಹಳಿ ಪರದೆಯನ್ನು ದಾಟುವ ಜಾಗವನ್ನು ಒಂದು ಕಡೆ ಸುರಂಗದಿಂದ, ಇನ್ನೊಂದು ಕಡೆ ರಸ್ತೆ ಸೇತುವೆ ಅಥವಾ ಮರಗಳ ಗುಂಪಿನಿಂದ ಮರೆಮಾಡಿ. ಈಗ ರೈಲು ಒಂದು ಊರಿನಿಂದ ಹೊರಟು ಕಣ್ಮರೆಯಾಗಿ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹಿಂದಿನ ಹಳಿಯಲ್ಲಿ ಅದನ್ನು ಒಂದೆರಡು ನಿಮಿಷ ನಿಲ್ಲಿಸಿದರಂತೂ ನಿಜವಾಗಿ ಎಲ್ಲಿಗೋ ಹೋಗಿ ಬಂದಂತೆ. ಹಲಗೆಗೆ ಚಕ್ರದ ಕಾಲು ಹಾಕಿ, ಗೋಡೆಗೆ ಒರಗಿಸಿಟ್ಟು, ಬೇಕಾದಾಗ ತಿರುಗಿಸಿಕೊಳ್ಳಬಹುದು.

ಷಂಟಿಂಗ್ ಆಸೆಯವರಿಗೆ ಗೋಡೆಯ ಶೆಲ್ಫ್. ಅಗಲ 25–30 ಸೆಂ.ಮೀ. ಸಾಕು, ಕೆಳಗೆ ಮೇಜು, ಪುಸ್ತಕದ ಕಪಾಟು ಇದ್ದಲ್ಲೇ ಇರುತ್ತವೆ. ಇದರಲ್ಲಿ ಅತ್ಯಂತ ಸಣ್ಣ, ಅತ್ಯಂತ ಗಟ್ಟಿ ಪ್ಲಾನ್ ಬ್ರಿಟನ್ನಿನ ಅಲನ್ ರೈಟ್ ಅವರ ‘ಇಂಗಲ್‌ನುಕ್ ಸೈಡಿಂಗ್ಸ್’. ಎರಡೇ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಕವಲು), ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಇನ್ನೊಂದು ತುದಿಯ ಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್‌ಗೆ ಮಾತ್ರ ಜಾಗ. ಒಟ್ಟು ಎಂಟು ವ್ಯಾಗನ್. ಎಂಟು ಚೀಟಿ ಬರೆದು ಕುಲುಕಿ ಐದನ್ನು ಎತ್ತಿ. ಬಂದ ಕ್ರಮದಲ್ಲೇ ಆ ಐದು ವ್ಯಾಗನ್‌ಗಳ ರೈಲನ್ನು ಉದ್ದದ ಸೈಡಿಂಗ್‌ನಲ್ಲಿ ಕಟ್ಟಬೇಕು. ಸುಲಭ ಎನಿಸುತ್ತದೆ. ಆದರೆ ಬೇಕಾದ ವ್ಯಾಗನ್ ಇನ್ನೆರಡರ ಹಿಂದೆ ಸಿಕ್ಕಿಕೊಂಡಿರುತ್ತದೆ. ಆ ಎರಡನ್ನು ಹೊರಗೆಳೆದು ಇಡಲು ಹೋದರೆ ಅಲ್ಲಿ ಒಂದಕ್ಕೇ ಜಾಗ ಉಳಿದಿರುತ್ತದೆ. ಒಂದನ್ನು ಅಲ್ಲಿ ಬಿಟ್ಟು, ಇನ್ನೊಂದನ್ನು ಜೊತೆಗೇ ಎಳೆದುಕೊಂಡು ಮೂರನೆಯ ಸೈಡಿಂಗ್‌ಗೆ ಹೋಗಬೇಕಾಗುತ್ತದೆ. ಸಾಧ್ಯವಿರುವ ರೈಲುಗಳು 6,720. ಒಂದು ಜೀವಮಾನಕ್ಕೆ ಸಾಕಾಗುವಷ್ಟು ಆಟ ಎರಡು ಪಾಯಿಂಟ್‌ನಲ್ಲಿ!

40 ಅಡಿ ವ್ಯಾಗನ್, ಪುಟ್ಟ ಎಂಜಿನ್, ಪೆಕೊ ಕಂಪನಿಯ 185 ಮಿ.ಮೀ. ಉದ್ದದ ಸಣ್ಣ ಪಾಯಿಂಟ್ ಹಿಡಿದು ಲೆಕ್ಕ ಹಾಕಿದರೆ ಎಚ್‌ಒನಲ್ಲಿ ಇದಕ್ಕೆ ಸುಮಾರು 180 ಸೆಂ.ಮೀ. ಉದ್ದ ಬೇಕು. ಎನ್‌ನಲ್ಲಿ ಒಂದು ಮೀಟರಿನ ಆಸುಪಾಸು. ನಾಲ್ಕು ಚಕ್ರದ ಗಿಡ್ಡ ವ್ಯಾಗನ್ ಆದರೆ ಇನ್ನೂ ಕಡಿಮೆ. ಅಮೆರಿಕದ ಜಾನ್ ಅಲೆನ್ ಅವರ ‘ಟೈಮ್‌ಸೇವರ್’ ಇದಕ್ಕಿಂತ ಕಠಿಣ ಒಗಟು, ಎಂಜಿನ್ ಹಿಂದಿನಿಂದ ಮುಂದಕ್ಕೆ ಸುತ್ತಿ ಬರುವ ಲೂಪ್ ಅದರಲ್ಲಿದೆ. ಆದರೆ ನಿಜವಾದ ಯಾರ್ಡ್‌ನಂತೆ ಕಾಣುವುದಿಲ್ಲ. ಎರಡರಲ್ಲಿ ಒಂದನ್ನು ಹೇಳು ಎಂದರೆ ನಾನು ಇಂಗಲ್‌ನುಕ್ ಎನ್ನುತ್ತೇನೆ: ಅದನ್ನು ಬ್ರೂವರಿ, ಹಾಲಿನ ಡೇರಿ, ಮರದ ಅಡ್ಡೆ, ಬಂದರು ಯಾವುದರ ವೇಷದಲ್ಲಾದರೂ ಕಟ್ಟಬಹುದು.

ಪ್ರಯಾಣಿಕರ ರೈಲೂ ಬೇಕು, ಸುತ್ತು ಬೇಡ ಎನ್ನುವವರು ಎಲ್ ಆಕಾರದ ಶೆಲ್ಫ್ ನೋಡಿ. ಒಂದು ಗೋಡೆಗೆ ಕೊನೆಯ ನಿಲ್ದಾಣ, ಮೂಲೆಯ ಆಚೆ ಮರೆಯಲ್ಲಿ ರೈಲುಗಳನ್ನು ಜೋಡಿಸಿಡುವ ಹಳಿಗಳು. ರೈಲು ಬರುತ್ತದೆ, ಎಂಜಿನ್ ಬದಲಾಗುತ್ತದೆ, ಹೊರಡುತ್ತದೆ. ಬ್ರಿಟನ್ನಿನ ಸಿರಿಲ್ ಫ್ರೀಜರ್ 1957ರಲ್ಲಿ ಬಿಡಿಸಿದ ‘ಮೈನರೀಸ್’ ಎಂಬ ಪುಟ್ಟ ನಗರ ನಿಲ್ದಾಣದ ಪ್ಲಾನ್ ಈ ಬಗೆಗೆ ಇಂದಿಗೂ ಮಾದರಿ.

ಗೋಡೆಗಳ ಸುತ್ತ ಪೂರ್ತಿ ಹಳಿ ಹಾಕಿದರೆ ಎಚ್‌ಒನಲ್ಲೂ ಮೂಲೆಗೆ 60 ಸೆಂ.ಮೀ. ತ್ರಿಜ್ಯ ಸಿಗುತ್ತದೆ, ಹತ್ತು ಅಡಿಯ ಕೋಣೆಯಲ್ಲಿ ಹತ್ತು ಮೀಟರಿನ ಓಟ. ಜಾಗ ಬಳಕೆಯಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ ಬಾಗಿಲ ಬಳಿ ಎತ್ತಿ ತೆಗೆಯುವ ತುಂಡು ಬೇಕು, ಅದರ ಎರಡು ತುದಿಯಲ್ಲಿ ಹಳಿ ಕೂದಲಷ್ಟೂ ಅತ್ತಿತ್ತ ಆಗಕೂಡದು, ಮತ್ತು ತುಂಡು ತೆಗೆದಿದ್ದಾಗ ಆ ಕಡೆಯ ಹಳಿಗೆ ವಿದ್ಯುತ್ ಹೋಗದಂತೆ ಸ್ವಿಚ್ ಇಡಬೇಕು, ಇಲ್ಲವೇ ಎಂಜಿನ್ ನೆಲಕ್ಕೆ ಹಾರುತ್ತದೆ. ಬಡಗಿ ಕೆಲಸ ಬಂದವರಿಗೆ, ಬಾಡಿಗೆ ಮನೆಯಲ್ಲದವರಿಗೆ ಇದು. ಮಂಚದ ತಲೆದೆಸೆಯ ಮೇಲೆ ಶೆಲ್ಫ್ ಹೋಗುವುದಾದರೆ ಹಾಸಿಗೆಯಲ್ಲಿ ಎದ್ದು ಕೂತಾಗ ತಲೆಗೆ ತಾಗದಷ್ಟು ಎತ್ತರ ಇರಲಿ.

ಮನೆ ಬದಲಿಸುತ್ತಲೇ ಇರುವವರಿಗೆ ಟಿ-ಟ್ರ್ಯಾಕ್ ಎಂಬ ಎನ್ ಸ್ಕೇಲ್ ಮಾಡ್ಯೂಲ್ ಪದ್ಧತಿ ಇದೆ. ಒಂದೊಂದೂ 308 ಮಿ.ಮೀ. ಉದ್ದದ ಪುಟ್ಟ ಪೆಟ್ಟಿಗೆ, ಮೇಲೆ ಯೂನಿಟ್ರ್ಯಾಕ್‌ನ ಜೋಡಿ ಹಳಿ. ಮೇಜಿನ ಮೇಲಿಟ್ಟು ಕೂಡಿಸಿದರೆ ಸುತ್ತು, ಬಿಡಿಸಿದರೆ ಕಪಾಟಿನ ಖಾನೆಗೆ. ನಾಲ್ಕು ಮೂಲೆಗಳನ್ನಷ್ಟೇ ಕೂಡಿಸಿದರೂ 73 ಸೆಂ.ಮೀ. ಚೌಕದಲ್ಲಿ ರೈಲು ಓಡುತ್ತದೆ. ಒಂದೊಂದೇ ಪೆಟ್ಟಿಗೆ ಮುಗಿಸುತ್ತಾ ಹೋಗಬಹುದಾದ್ದರಿಂದ ಹಣವೂ ಒಮ್ಮೆಗೇ ಬೇಡ. ಮಂಚದಡಿ ಎಳೆದು ತೆಗೆಯುವ ಹಲಗೆಯನ್ನೂ ಕೆಲವರು ಕೇಳುತ್ತಾರೆ. ಆಗುತ್ತದೆ, ಆದರೆ ಧೂಳಿಗೆ ಅದೇ ತವರು, ಎತ್ತರದ ಗುಡ್ಡಕ್ಕೂ ಅವಕಾಶವಿಲ್ಲ. ಗಟ್ಟಿ ಮುಚ್ಚಳ ಇದ್ದರೆ ಮಾತ್ರ.

ಯಾವ ಆಕಾರವಾದರೂ ಒಂದು ಹಳಿಯ ಮೇಲೆ ಇನ್ನೊಂದನ್ನು ಸೇತುವೆ ಕಟ್ಟಿ ಹಾಯಿಸುವ ಆಸೆಯನ್ನು ಲೆಕ್ಕ ಹಾಕಿ ನೋಡಿ. ಎಚ್‌ಒನಲ್ಲಿ 9 ಸೆಂ.ಮೀ. ಏರಲು ನೂರಕ್ಕೆ ಮೂರರ ಏರಿನಲ್ಲಿ 3 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ.

ಹಣ ಎಲ್ಲಿ ಹೋಗುತ್ತದೆ

ನೇರ ಹಳಿ ಅಗ್ಗ. ಪಾಯಿಂಟ್ ಮತ್ತು ಎಂಜಿನ್ ದುಬಾರಿ. ಎರಡು ಪಾಯಿಂಟಿನ ಪ್ಲಾನ್‌ಗೂ ಎಂಟು ಪಾಯಿಂಟಿನ ಪ್ಲಾನ್‌ಗೂ ಖರ್ಚಿನ ವ್ಯತ್ಯಾಸ ಹಲಗೆಯ ಗಾತ್ರಕ್ಕಿಂತ ದೊಡ್ಡದು. ಕೈ ಬಿಗಿ ಇದ್ದರೆ ಎಚ್‌ಒ ಶೆಲ್ಫ್, ಒಂದು ಎಂಜಿನ್, ಹಳೆಯ ವ್ಯಾಗನ್‌ಗಳು: ಇದಕ್ಕಿಂತ ಕಡಿಮೆಗೆ ಇಷ್ಟು ಆಟ ಬರುವುದಿಲ್ಲ. ಎನ್‌ನ ಬಾಗಿಲ ಹಲಗೆ ಅದಕ್ಕಿಂತ ಹೆಚ್ಚು ಕೇಳುತ್ತದೆ, ಏಕೆಂದರೆ ಒಂದೇ ರೈಲಿಗೆ ಯಾರೂ ನಿಲ್ಲುವುದಿಲ್ಲ.

ಷಂಟಿಂಗ್‌ಗೆ ಹೊರಟವರು ಎಂಜಿನ್‌ನಲ್ಲಿ ಉಳಿಸಲು ಹೋಗಬೇಡಿ. ಪುಟ್ಟ ನಾಲ್ಕು ಚಕ್ರದ ಎಂಜಿನ್ ನಿಧಾನವಾಗಿ ಪಾಯಿಂಟ್ ದಾಟುವಾಗ, ಹಳಿಗಳು ಒಂದನ್ನೊಂದು ಕತ್ತರಿಸುವ ಮೂಗು ಪ್ಲಾಸ್ಟಿಕ್ ಆಗಿದ್ದರೆ ಅಲ್ಲೇ ವಿದ್ಯುತ್ ತಪ್ಪಿ ನಿಂತುಬಿಡುತ್ತದೆ. ಬೆರಳಿನಿಂದ ತಳ್ಳಬೇಕಾಗುತ್ತದೆ, ಆಟದ ರಸವೇ ಹೋಗುತ್ತದೆ. ಮೂಗು ಲೋಹದ್ದಾಗಿದ್ದು ಅದಕ್ಕೂ ವಿದ್ಯುತ್ ಬರುವಂಥ ಪಾಯಿಂಟ್ ಕೊಳ್ಳಿ, ಆರು ಅಥವಾ ಎಂಟು ಚಕ್ರದಿಂದ ವಿದ್ಯುತ್ ಹೀರುವ ಎಂಜಿನ್ ಕೊಳ್ಳಿ.

ನಿಯಂತ್ರಣದ ವಿಷಯ ಬೇಗ ಮುಗಿಯುತ್ತದೆ. ಒಂದು ಹೊತ್ತಿಗೆ ಒಂದೇ ಎಂಜಿನ್ ಓಡುವುದಾದರೆ ಸಾಮಾನ್ಯ 12 ವೋಲ್ಟ್ ಡಿಸಿ ಸಾಕು. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಬೇರೆ ಬೇರೆಯಾಗಿ ನಡೆಯಬೇಕು, ಸದ್ದು, ದೀಪ ಬೇಕು ಎಂದರೆ ಡಿಸಿಸಿ, ಅಂದರೆ ಹಳಿಯ ಮೂಲಕ ಪ್ರತಿ ಎಂಜಿನ್‌ಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ. ಆಗ ಪ್ರತಿ ಎಂಜಿನ್‌ಗೂ ಆ ಆದೇಶ ಓದುವ ಡಿಕೋಡರ್‌ನ ಖರ್ಚು ಸೇರುತ್ತದೆ. ಎಂಜಿನ್ ಕೊಳ್ಳುವಾಗ ಡಿಕೋಡರ್ ಸಾಕೆಟ್ ಇರುವುದನ್ನು ಆರಿಸಿಕೊಂಡರೆ ಈ ತೀರ್ಮಾನವನ್ನು ಮುಂದಕ್ಕೆ ಹಾಕಬಹುದು.

ಕೊಳ್ಳುವ ಮುನ್ನ ಒಂದು ವಾರ

ಹಳೆಯ ಪತ್ರಿಕೆಗಳನ್ನು ಅಂಟಿಸಿ ನಿಮ್ಮ ಹಲಗೆಯ ನಿಜ ಅಳತೆಗೆ ಕತ್ತರಿಸಿ. ದಾರಕ್ಕೆ ಪೆನ್ಸಿಲ್ ಕಟ್ಟಿ, ಆರಿಸಿದ ತ್ರಿಜ್ಯದ ತಿರುವುಗಳನ್ನು ಅದರ ಮೇಲೆ ಬರೆಯಿರಿ. ಬೋಗಿಯ ಉದ್ದಕ್ಕೆ ರಟ್ಟಿನ ಪಟ್ಟಿ ಕತ್ತರಿಸಿ ಸೈಡಿಂಗ್‌ಗಳಲ್ಲಿ ಸಾಲಾಗಿ ಇಟ್ಟು ನೋಡಿ. ಪ್ಲಾನ್‌ನಲ್ಲಿ ಆರು ಹಿಡಿಸುತ್ತದೆ ಎಂದುಕೊಂಡಿದ್ದು ನಾಲ್ಕಕ್ಕೆ ಇಳಿಯುವುದು ಇಲ್ಲೇ, ಏಕೆಂದರೆ ಪಾಯಿಂಟ್‌ನ ಹತ್ತಿರ ಪಕ್ಕದ ಹಳಿಗೆ ತಾಗದಂತೆ ನಿಲ್ಲಿಸಬೇಕಾದ ಜಾಗವನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಶೆಲ್ಫ್ ಆದರೆ ಆ ಕಾಗದವನ್ನು ರಟ್ಟಿಗೆ ಅಂಟಿಸಿ, ಅದೇ ಎತ್ತರದಲ್ಲಿ ಗೋಡೆಯ ಪಕ್ಕ ಒಂದು ವಾರ ನಿಲ್ಲಿಸಿಡಿ. ಬೀರು ತೆರೆಯಿರಿ, ಹಾಸಿಗೆ ಕೊಡವಿ, ಕತ್ತಲಲ್ಲಿ ಎದ್ದು ನೀರು ಕುಡಿಯಲು ಹೋಗಿ. ವಾರದ ಕೊನೆಗೆ ಕಾಗದ ಹರಿದಿರುವ ಕಡೆ ಹಲಗೆಯ ಮೂಲೆಯನ್ನು ಕೊಯ್ದು ದುಂಡಾಗಿಸಿ, ಅಥವಾ ಲೇಔಟನ್ನು ಎದುರು ಗೋಡೆಗೆ ಒಯ್ಯಿರಿ. ಆಮೇಲೆ ಮೊದಲ ಖರೀದಿಗೆ ಒಂದು ಎಂಜಿನ್, ಎರಡು ವ್ಯಾಗನ್, ಒಂದು ಪಾಯಿಂಟ್, ಒಂದೆರಡು ಮೀಟರ್ ಹಳಿ ಸಾಕು. ಆ ಎಂಜಿನ್ ಆ ಪಾಯಿಂಟನ್ನು ನಿಲ್ಲದೆ, ನಿಧಾನವಾಗಿ, ಎರಡೂ ದಿಕ್ಕಿನಲ್ಲಿ ದಾಟಿದರೆ ಉಳಿದದ್ದನ್ನು ತರಿಸಿ.